ತಮ್ಮಲ್ಲಿಲ್ಲದ್ದನ್ನು ಕೊಟ್ಟವರು

ಬೆಂಗಳೂರಿನ ರಾಜಾಜಿನಗರದ ಯಾವ ಶಾಲೆಯ ಮುಂದಾದರೂ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಹಾದುಹೋಗಿ, ಎರಡು ಹಾಡುಗಳು ಕಾಂಪೌಂಡು ದಾಟಿ ರಸ್ತೆಗೆ ಬರುತ್ತವೆ. ಒಂದು ಕುವೆಂಪು ಅವರ ನಾಡಗೀತೆ, ಇನ್ನೊಂದು ಟಾಗೋರರ ರಾಷ್ಟ್ರಗೀತೆ. ಹಾಡುವ ಮಕ್ಕಳಿಗಾಗಲಿ, ಹಾಡಿಸುವ ಮೇಷ್ಟರಿಗಾಗಲಿ, ಗೇಟಿನಾಚೆ ಸ್ಕೂಟರ್ ನಿಲ್ಲಿಸಿಕೊಂಡು ನಿಂತ ಅಪ್ಪ ಅಮ್ಮಂದಿರಿಗಾಗಲಿ ಈ ಎರಡರ ನಡುವಿನ ಒಂದು ನಂಟು ಗೊತ್ತಿರುವುದು ಕಡಿಮೆ. ಐರ್ಲೆಂಡಿನಿಂದ ಬಂದ ಗಂಡ ಹೆಂಡತಿ ಇಬ್ಬರು ಈ ಎರಡೂ ಹಾಡುಗಳ ಹಾದಿಯಲ್ಲಿ ನಿಂತಿದ್ದರು. 1919ರ ಫೆಬ್ರುವರಿಯಲ್ಲಿ ಟಾಗೋರರು ಮದನಪಲ್ಲಿಯ ಥಿಯಾಸಾಫಿಕಲ್ ಕಾಲೇಜಿಗೆ ಬಂದು ತಂಗಿದ್ದಾಗ ‘ಜನಗಣಮನ’ ಇಂಗ್ಲಿಷಿಗೆ ಬಂತು. ಆಗ ಅದರ ಧಾಟಿಯನ್ನು ಸ್ವರಲಿಪಿಯಲ್ಲಿ ಬರೆದಿಟ್ಟವರು ಮಾರ್ಗರೆಟ್ ಕಸಿನ್ಸ್. ಐದು ವರ್ಷದ ಮೇಲೆ, 1924ರಲ್ಲಿ, ಇಂಗ್ಲಿಷ್ ಪದ್ಯ ಬರೆಯುತ್ತಿದ್ದ ಹತ್ತೊಂಬತ್ತರ ಹುಡುಗನೊಬ್ಬನಿಗೆ ಮೈಸೂರಿನಲ್ಲಿ, ನಿನ್ನ ಭಾಷೆಯಲ್ಲಿ ಬರೆ ಎಂದು ಹೇಳಿದವರು ಆಕೆಯ ಗಂಡ ಜೇಮ್ಸ್ ಕಸಿನ್ಸ್. ಆ ಹುಡುಗ ಕುಪ್ಪಳಿಯ ಪುಟ್ಟಪ್ಪ, ಮುಂದೆ ಕುವೆಂಪು.

ಈ ಎರಡನೆಯ ಕಥೆ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ರಾಜ್ಯೋತ್ಸವದ ಭಾಷಣಗಳಲ್ಲಿ ಕೇಳಿದ್ದೇವೆ, ವಿಜಯನಗರದ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾ ಶುರುವಾಗುವ ಮುಂಚೆ ಯಾರೋ ಒಬ್ಬರು ಅದನ್ನು ಹೇಳಿಯೇ ಮೈಕು ಬಿಟ್ಟುಕೊಡುತ್ತಾರೆ. ಹೊರಗಿನವರೊಬ್ಬರು ಬಂದು ನಮ್ಮ ಮನೆಯ ನಿಧಿಯನ್ನು ನಮಗೇ ತೋರಿಸಿಕೊಟ್ಟರು ಎಂಬ ಹಿತ ಅದರಲ್ಲಿದೆ. ಆದರೆ ತೋರಿಸಿದವರ ಕೈಯಲ್ಲಿ ಏನಿತ್ತು ಎಂದು ನಾವು ವಿಚಾರಿಸಿಲ್ಲ. ಜೇಮ್ಸ್ ಕಸಿನ್ಸ್ ಕವಿ, ನಾಟಕಕಾರ. ಅವರ ಕಾವ್ಯವೂ ನಾಟಕವೂ ಇಂಗ್ಲಿಷಿನವು. ಅವರ ನಾಡಿಗೆ ತನ್ನದೇ ಆದ ಹಳೆಯ ನುಡಿಯೊಂದಿತ್ತು. ಬೆಲ್‌ಫಾಸ್ಟಿನಲ್ಲಿ ಅವರು ಹುಟ್ಟುವ ಹೊತ್ತಿಗೆ ಅದು ಅವರಂಥವರ ಮನೆಗಳಿಂದ ಹೊರಟು ಹೋಗಿತ್ತು. ನಿನ್ನ ನುಡಿಯಲ್ಲಿ ಬರೆ ಎಂದು ಹೇಳಿದವರು ತಮ್ಮ ನಾಡಿನ ನುಡಿಯಲ್ಲಿ ಬರೆದವರಲ್ಲ. ತಮ್ಮಲ್ಲಿಲ್ಲದ್ದನ್ನು ಒಬ್ಬರು ಇನ್ನೊಬ್ಬರಿಗೆ ಕೊಡುವುದು ಹೇಗೆ? ನನ್ನನ್ನು ಬಹುಕಾಲದಿಂದ ಕಾಡಿದ ಪ್ರಶ್ನೆ ಇದು.

ಕಸಿನ್ಸ್ ಹುಟ್ಟಿದ್ದು 1873ರಲ್ಲಿ, ಮೆಥಡಿಸ್ಟ್ ಕುಟುಂಬದಲ್ಲಿ. ಚಿಕ್ಕಂದಿನಲ್ಲೇ ಗುಮಾಸ್ತಿಕೆಗೆ ಹೋದರು. 1897ರಲ್ಲಿ ಡಬ್ಲಿನ್ ಸೇರಿದರು. ಯೇಟ್ಸ್, ‘ಎ.ಇ.’ ಎಂಬ ಹೆಸರಿನಿಂದ ಬರೆಯುತ್ತಿದ್ದ ಜಾರ್ಜ್ ರಸೆಲ್, ಲೇಡಿ ಗ್ರೆಗರಿ ಇವರೆಲ್ಲ ಐರ್ಲೆಂಡಿಗೆ ಅದರದೇ ಆದ ಸಾಹಿತ್ಯ ಬೇಕು, ಅದರದೇ ಆದ ರಂಗಭೂಮಿ ಬೇಕು ಎಂದು ತೊಡಗಿಕೊಂಡಿದ್ದ ಕಾಲ ಅದು. ಅದೇ ಊರಿನಲ್ಲಿ ವಿಲಿಯಂ ಫೇ, ಫ್ರ್ಯಾಂಕ್ ಫೇ ಎಂಬ ಅಣ್ಣತಮ್ಮಂದಿರಿದ್ದರು. ಒಬ್ಬರು ಎಲೆಕ್ಟ್ರಿಷಿಯನ್, ಇನ್ನೊಬ್ಬರು ಗುಮಾಸ್ತರು. ಸಂಜೆ ಕೆಲಸ ಮುಗಿದ ಮೇಲೆ ನಾಟಕ. ಬಸವೇಶ್ವರನಗರದ ಕೆ.ಇ.ಎ. ಪ್ರಭಾತ್ ರಂಗಮಂದಿರದ ಹಿಂಬಾಗಿಲಲ್ಲಿ ಆಫೀಸಿನ ಐಡಿ ಕಾರ್ಡನ್ನು ಇನ್ನೂ ಕೊರಳಲ್ಲೇ ಇಟ್ಟುಕೊಂಡು ಮೇಕಪ್ಪಿಗೆ ಓಡುವ ಹುಡುಗ ಹುಡುಗಿಯರನ್ನು ಕಂಡವರಿಗೆ ಫೇ ಸಹೋದರರ ತಂಡ ಎಂಥದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಹವ್ಯಾಸಿಗಳನ್ನು ಎ.ಇ. ಅವರಿಗೆ ಪರಿಚಯ ಮಾಡಿಸಿದವರು ಕಸಿನ್ಸ್. ಅದರಿಂದ 1902ರ ಏಪ್ರಿಲ್‌ನಲ್ಲಿ ಎ.ಇ. ಅವರ ‘ಡೀರ್ಡ್ರೆ’ಯೂ ಯೇಟ್ಸ್ ಹೆಸರಿನ ‘ಕ್ಯಾಥ್ಲೀನ್ ನಿ ಹೂಲಿಹನ್’ ನಾಟಕವೂ ರಂಗಕ್ಕೆ ಬಂದವು. ಮೂರು ವರ್ಷ ತುಂಬುವ ಮೊದಲೇ, 1904ರ ಡಿಸೆಂಬರಿನಲ್ಲಿ, ಆ್ಯಬಿ ಥಿಯೇಟರ್ ಬಾಗಿಲು ತೆರೆಯಿತು.

ಆ ಬಾಗಿಲು ತೆರೆಯುವಷ್ಟರಲ್ಲಿ ಕಸಿನ್ಸ್ ಹೊರಗುಳಿದಿದ್ದರು. 1902ರಲ್ಲೇ ಅವರ ‘ದಿ ಸ್ಲೀಪ್ ಆಫ್ ದ ಕಿಂಗ್’, ‘ದಿ ರೇಸಿಂಗ್ ಲಗ್’ ನಾಟಕಗಳು ಪ್ರಯೋಗ ಕಂಡಿದ್ದವು. ಮೊದಲನೆಯದು ಪುರಾಣದ ವಸ್ತು. ಎರಡನೆಯದು ಉತ್ತರ ಐರ್ಲೆಂಡಿನ ಕಡಲ ತೀರದ ಮೀನುಗಾರರ ಮನೆಯೊಂದರ ಕಥೆ. ಕಡಲು ಆ ಮನೆಯವರನ್ನು ಕೊಂಡೊಯ್ಯುತ್ತದೆ. ಎರಡು ವರ್ಷದೊಳಗೆ ರಂಗಕ್ಕೆ ಬಂದ ಜೆ.ಎಂ. ಸಿಂಗ್ ಅವರ ‘ರೈಡರ್ಸ್ ಟು ದ ಸೀ’ ಇಂದಿಗೂ ಜಗತ್ತಿನ ಶ್ರೇಷ್ಠ ಏಕಾಂಕಗಳಲ್ಲಿ ಒಂದು. ಅದಕ್ಕಿಂತ ಮೊದಲೇ ಅದೇ ದುಃಖವನ್ನು ಮುಟ್ಟಲು ಹೊರಟ ನಾಟಕ ‘ದಿ ರೇಸಿಂಗ್ ಲಗ್’ ಎಂದು ವಿಮರ್ಶಕರು ನೆನೆಯುತ್ತಾರೆ. ಕಸಿನ್ಸರ ‘ಸೋಲ್ಡ್’ ಎಂಬ ಪ್ರಹಸನ ಯೇಟ್ಸರಿಗೆ ಹಿಡಿಸಲಿಲ್ಲ, ಅದು ರಂಗಕ್ಕೆ ಬರದಂತೆ ನೋಡಿಕೊಂಡರು. ಅಲ್ಲಿಂದ ಮುಂದೆ ಆ ರಂಗಭೂಮಿಯ ಚರಿತ್ರೆಯಲ್ಲಿ ಕಸಿನ್ಸ್ ಒಂದು ಅಡಿಟಿಪ್ಪಣಿ. ಯೇಟ್ಸರ ತೀರ್ಪು ಕಲೆಯ ದೃಷ್ಟಿಯಿಂದ ತಪ್ಪೆಂದು ನಾನು ಹೇಳಲಾರೆ. ಸಿಂಗ್ ಬರೆದ ಹಾಗೆ ಕಸಿನ್ಸ್ ಬರೆಯಲಿಲ್ಲ. ಆದರೆ ತಾನು ಕೂಡಿಸಿದ ಮಂದಿಯ ನಡುವೆ ತನಗೇ ಜಾಗವಿಲ್ಲವಾದಾಗ ಮನುಷ್ಯನಿಗೆ ಆಗುವುದು ಆಗುತ್ತದೆ.

ಮುಂದಿನದನ್ನು ಬೇಗ ಹೇಳಿಬಿಡಬಹುದು. 1903ರಲ್ಲಿ ಮದುವೆ, ಡಬ್ಲಿನ್ನಿನ ಶಾಲೆಯೊಂದರಲ್ಲಿ ಮೇಷ್ಟರ ಕೆಲಸ, ಸಸ್ಯಾಹಾರ, ಥಿಯಾಸಫಿ. 1904ರ ಬೇಸಿಗೆಯಲ್ಲಿ ಇರಲು ನೆಲೆಯಿಲ್ಲದ ಜೇಮ್ಸ್ ಜಾಯ್ಸ್ ಕೆಲವು ರಾತ್ರಿ ಇವರ ಮನೆಯಲ್ಲಿ ತಂಗಿದ್ದರು. ಮಾರ್ಗರೆಟ್ ಹೆಂಗಸರ ಮತದಾನದ ಹಕ್ಕಿಗಾಗಿ ಹೋರಾಡಿ ಜೈಲು ಕಂಡರು. 1915ರಲ್ಲಿ ಆ್ಯನಿ ಬೆಸೆಂಟರ ಕರೆಯ ಮೇರೆಗೆ ಇಬ್ಬರೂ ಮದರಾಸಿಗೆ ಬಂದರು. ಬೆಸೆಂಟರ ‘ನ್ಯೂ ಇಂಡಿಯಾ’ ಪತ್ರಿಕೆಯಲ್ಲಿ ಕೆಲಸ. ಮರುವರ್ಷ ಡಬ್ಲಿನ್ನಿನಲ್ಲಿ ಬ್ರಿಟಿಷರ ವಿರುದ್ಧ ಈಸ್ಟರ್ ದಂಗೆಯಾಯಿತು. ದಂಗೆಯ ಪರವಾಗಿ ಬರೆದದ್ದಕ್ಕೆ ಆ ಕೆಲಸ ಹೋಯಿತು, ಮದನಪಲ್ಲಿಯ ಕಾಲೇಜು ಕರೆದುಕೊಂಡಿತು. ನಮ್ಮ ಬೆಂಗಳೂರಿನಿಂದ ಕೆಲವು ತಾಸಿನ ದಾರಿ. ಮುಂದೆ ಅವರು ಮೈಸೂರಿಗೂ ಬಂದುಹೋಗುತ್ತಿದ್ದರು. ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಆ ಕಾಲದ ಭಾರತೀಯ ಕಲಾವಿದರ ಚಿತ್ರಗಳು ಸೇರಿದ್ದರ ಹಿಂದೆ ಅವರ ಶ್ರಮವಿದೆ.

ಇನ್ನು ಐರ್ಲೆಂಡಿನ ನುಡಿಯ ವಿಷಯ. ಇದನ್ನು ನಿಧಾನವಾಗಿ ಹೇಳಬೇಕು, ಏಕೆಂದರೆ ನನಗೆ ಈ ಕಥೆಯ ಬೇರು ಇರುವುದು ಇಲ್ಲಿ.

ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಐರ್ಲೆಂಡಿನ ಲಕ್ಷಾಂತರ ಜನ ಐರಿಷ್ ಭಾಷೆಯಲ್ಲೇ ಬದುಕುತ್ತಿದ್ದರು. 1831ರಿಂದ ಸರ್ಕಾರಿ ಶಾಲೆಗಳು ಬಂದವು, ಕಲಿಸುವುದೆಲ್ಲ ಇಂಗ್ಲಿಷಿನಲ್ಲಿ. 1845ರಿಂದ 1849ರವರೆಗೆ ಆಲೂಗಡ್ಡೆಯ ಬೆಳೆ ಕೊಳೆತು ಮಹಾಕ್ಷಾಮ ಬಂತು. ಹತ್ತು ಲಕ್ಷದಷ್ಟು ಜನ ಸತ್ತರು, ಹತ್ತು ಲಕ್ಷದಷ್ಟು ಜನ ಹಡಗು ಹತ್ತಿದರು. ಸತ್ತವರಲ್ಲೂ ಹಡಗು ಹತ್ತಿದವರಲ್ಲೂ ಬಹುಪಾಲು ಬಡವರು, ಐರಿಷ್ ಆಡುತ್ತಿದ್ದವರು. ಉಳಿದವರಿಗೆ ಆ ನುಡಿ ಹಸಿವಿನ ನುಡಿಯಾಗಿ ಕಂಡಿತು. ಅಮೆರಿಕದಲ್ಲಿ ಬದುಕು ಕೊಡುವುದು ಇಂಗ್ಲಿಷ್.

ಆಸ್ಕರ್ ವೈಲ್ಡ್ ಗೊತ್ತಲ್ಲ, ಐರ್ಲೆಂಡಿನ ಇನ್ನೊಬ್ಬ ನಾಟಕಕಾರ. ಅವರ ತಂದೆ ವಿಲಿಯಂ ವೈಲ್ಡ್ ಕಣ್ಣಿನ ವೈದ್ಯರು, ಜನಪದ ನಂಬಿಕೆಗಳನ್ನು ಕೂಡಿಸಿದವರು. 1852ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಅವರು ಪಶ್ಚಿಮ ಐರ್ಲೆಂಡಿನ ಒಂದು ಗುಡಿಸಲಿನಲ್ಲಿ ಕಂಡದ್ದನ್ನು ಬರೆದಿದ್ದಾರೆ. ಅಲ್ಲಿದ್ದ ಮಗುವೊಂದು ಐರಿಷಿನಲ್ಲಿ ಏನೋ ಆಡಿತು. ಅಪ್ಪ ಹತ್ತಿರ ಕರೆದ. ಬಯ್ಯಲಿಲ್ಲ, ಹೊಡೆಯಲಿಲ್ಲ. ಮಗುವಿನ ಅಂಗಿಯೊಳಗೆ ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿದ್ದ ಒಂದು ಚಿಕ್ಕ ಕೋಲನ್ನು ಹೊರಗೆಳೆದು, ಜೇಬಿನ ಚಾಕುವಿನಿಂದ ಅದರ ಮೇಲೆ ಒಂದು ಕಚ್ಚು ಹಾಕಿ, ಮತ್ತೆ ಒಳಗಿಟ್ಟ. ಇಂತಿಷ್ಟು ಕಚ್ಚು ತುಂಬಿದ ಮೇಲೆ ಶಾಲೆಯಲ್ಲಿ ಮೇಷ್ಟರು ಶಿಕ್ಷೆ ಕೊಡುತ್ತಾರೆ. ನಿನಗೆ ನಿನ್ನ ಭಾಷೆಯ ಮೇಲೆ ಪ್ರೀತಿಯಿಲ್ಲವೇ ಎಂದು ವೈಲ್ಡ್ ಆ ಅಪ್ಪನನ್ನು ಕೇಳಿದರು. ಅವನಿಗೆ ಸರಿಯಾಗಿ ಬರುತ್ತಿದ್ದ ಭಾಷೆಯೇ ಅದೊಂದು. ಕೇಳಿದ್ದೇ ತಡ ಅವನ ಕಣ್ಣು ಹೊಳೆಯಿತಂತೆ. ಪ್ರೀತಿಯಿದೆ, ಹಿಂದಿನವರ ಮಾತು ಅದು, ಆದರೆ ಮಕ್ಕಳಿಗೆ ವಿದ್ಯೆ ಬೇಕಲ್ಲ, ಶಾಲೆಯಲ್ಲಿ ಇದನ್ನು ಕಲಿಸುವುದಿಲ್ಲವಲ್ಲ ಎಂಬ ಅರ್ಥದಲ್ಲಿ ಅವನು ಉತ್ತರ ಕೊಟ್ಟ.

ಈ ಪ್ರಸಂಗವನ್ನು ಓದಿದ ಮೇಲೆ ನನಗೆ ಭಾಷೆ ಸಾಯುವ ಬಗೆಯ ಕುರಿತು ಇದ್ದ ತಿಳಿವಳಿಕೆ ಬೇರೆಯಾಯಿತು. ದೊರೆಗಳು ನುಡಿಯನ್ನು ಕೊಲ್ಲುತ್ತಾರೆ ಎಂದು ನಾವು ಹೇಳುತ್ತ ಬಂದಿದ್ದೇವೆ. ಅದು ಅರ್ಧ ನಿಜ. ಆ ಕೋಲಿಗೆ ಕಚ್ಚು ಹಾಕಿದವನು ಶತ್ರುವಲ್ಲ, ಮಗುವನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದವನು. ಪ್ರೀತಿಗಾಗಿಯೇ ಹಾಕಿದ. ಬಸವೇಶ್ವರನಗರದ ಶಾಲೆಯೊಂದರ ಮುಂದೆ, ತನ್ನ ಆಟೋದಲ್ಲೇ ಮಗಳನ್ನು ಬಿಟ್ಟು ನಿಂತಿದ್ದ ಅಪ್ಪನೊಬ್ಬ ನನಗೆ ಹೇಳಿದ್ದು ಇದನ್ನೇ: “ಕನ್ನಡ ನಮ್ದು ಸಾರ್, ಅದೆಲ್ಲಿಗ್ ಹೋಗುತ್ತೆ? ಇಂಗ್ಲಿಷ್ ಇಲ್ದಿದ್ರೆ ನನ್ ಥರಾನೇ ಆಗ್ತಾಳೆ.” ಅವನಿಗೆ ಉತ್ತರ ಕೊಡುವ ಅಧಿಕಾರ ನನಗಿಲ್ಲ. ಅವನು ಹೇಳಿದ್ದು ಲೆಕ್ಕಾಚಾರವಲ್ಲ, ತನ್ನ ಬದುಕಿನ ಸಾಕ್ಷಿ. ಗುಡಿಸಲಿನ ಆ ಅಪ್ಪನಿಗೂ ವೈಲ್ಡ್ ಏನೂ ಹೇಳಲಾರದೆ ಹೋಗಿರಬೇಕು.

ಕಸಿನ್ಸ್, ಯೇಟ್ಸ್, ಎ.ಇ. ಇವರೆಲ್ಲ ಆ ಕೋಲಿನ ಕಾಲ ದಾಟಿ ಬಂದವರು. ಅವರ ಕೊರಳಲ್ಲಿ ಕೋಲಿರಲಿಲ್ಲ, ಅದರ ಅಗತ್ಯ ಮುಗಿದುಹೋಗಿತ್ತು. 1893ರಲ್ಲಿ ಡಗ್ಲಸ್ ಹೈಡ್ ಮತ್ತಿತರರು ಗೇಲಿಕ್ ಲೀಗ್ ಕಟ್ಟಿ ಐರಿಷ್ ಕಲಿಸಲು ಹೊರಟಾಗ, ನಗರದ ವಿದ್ಯಾವಂತರು ತಮ್ಮ ನಾಡಿನ ನುಡಿಯನ್ನು ಪರಭಾಷೆಯ ಹಾಗೆ ಕ್ಲಾಸಿನಲ್ಲಿ ಕೂತು ಕಲಿಯಬೇಕಾಗಿತ್ತು. ಯೇಟ್ಸರಿಗೆ ಐರಿಷ್ ಬರುತ್ತಿರಲಿಲ್ಲ. 1896ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಸಾಹಿತ್ಯದ ವಿಮರ್ಶಕನಾಗಬೇಕೆಂದಿದ್ದ ತರುಣ ಸಿಂಗ್ ಅವರಿಗೆ ಸಿಕ್ಕಾಗ, ಇದೆಲ್ಲ ಬಿಟ್ಟು ಅರಾನ್ ದ್ವೀಪಗಳಿಗೆ ಹೋಗಿ ಅಲ್ಲಿನ ಜನರೊಡನೆ ಅವರಲ್ಲೊಬ್ಬನಾಗಿ ಇರು, ಯಾರೂ ಬರೆಯದ ಬದುಕು ಅಲ್ಲಿದೆ ಎಂದು ಯೇಟ್ಸ್ ಹೇಳಿದರು. ಸಿಂಗ್ 1898ರಲ್ಲಿ ಹೋದರು, ಮತ್ತೆ ಮತ್ತೆ ಹೋದರು. ಐರಿಷ್ ಆಡುವವರ ನಡುವೆ ಬದುಕಿ, ಆ ನುಡಿಯ ಬನಿ ಇಳಿದ ಒಂದು ಇಂಗ್ಲಿಷನ್ನು ಮಾಡಿಕೊಂಡರು. ಅಂದರೆ ಯೇಟ್ಸರೂ ಕೊಟ್ಟದ್ದು ತಮ್ಮಲ್ಲಿಲ್ಲದ್ದನ್ನೇ. ಕಸಿನ್ಸ್ ಈ ಬಳಗದಿಂದ ಬಂದವರು. ಮೈಸೂರಿನಲ್ಲಿ ಅವರ ಬಾಯಿಂದ ಬಂದ ಮಾತು ಡಬ್ಲಿನ್ನಿನಲ್ಲಿ ಇಪ್ಪತ್ತು ವರ್ಷ ಹಿಂದೆಯೇ ಕಾಯ್ದು ಹದವಾಗಿದ್ದ ಮಾತು.

ಆ ಭೇಟಿಯನ್ನು ಕುವೆಂಪು ತಮ್ಮ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ ವಿವರಿಸಿದ್ದಾರೆ. 1922ರಲ್ಲೇ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವನಗಳ ಪುಸ್ತಿಕೆ ಅಚ್ಚು ಹಾಕಿಸಿದ್ದ ಹುಡುಗ, ಕವಿಯೊಬ್ಬರು ಬಂದಿದ್ದಾರೆಂದು ತಿಳಿದು ತನ್ನ ಪದ್ಯಗಳನ್ನು ಹಿಡಿದು ಹೋದ. ಹೊಗಳಿಕೆಯ ನಿರೀಕ್ಷೆ ಇತ್ತು. ಕಸಿನ್ಸ್ ಪದ್ಯಗಳನ್ನು ನೋಡಿ ಸಂತೋಷಪಡಲಿಲ್ಲ. ಹುಡುಗ ಉಟ್ಟಿದ್ದು ಖಾದಿ. ಉಡುಪೆಲ್ಲ ಸ್ವದೇಶಿ, ಇದು ಮಾತ್ರ ಸ್ವದೇಶಿಯಲ್ಲವಲ್ಲ ಎಂದರು. ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಎಂದು ಕೇಳಿದರು. ಹುಡುಗನಿಗೆ ನೋವಾಯಿತು. ನೋವಿನಲ್ಲಿ ಅವನು ಕೊಟ್ಟ ಉತ್ತರ ಬಹಳ ಮುಖ್ಯವಾದದ್ದು: ಕನ್ನಡದಲ್ಲಿ ಇಂಥದ್ದೆಲ್ಲ ಹೇಳಲು ತಕ್ಕ ಛಂದಸ್ಸಿಲ್ಲ. ಕಸಿನ್ಸ್ ಟಾಗೋರರನ್ನು ನೆನಪಿಸಿದರು. ಬಂಗಾಳಿಯಲ್ಲೂ ಇರಲಿಲ್ಲ, ಅವರು ತಂದುಕೊಂಡರು.

ಈ ಘಟನೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಹುಡುಗನ ಆ ಉತ್ತರದ ಮೇಲೆ. ಕನ್ನಡದಲ್ಲಿ ಇಲ್ಲ, ಕನ್ನಡದಲ್ಲಿ ಆಗುವುದಿಲ್ಲ. ಪಂಪನೂ ಕುಮಾರವ್ಯಾಸನೂ ಆಳಿದ ನುಡಿಯ ಬಗ್ಗೆ ಮುಂದೆ ‘ಶ್ರೀರಾಮಾಯಣ ದರ್ಶನಂ’ ಬರೆಯಲಿದ್ದವರೇ ಆಡಿದ ಮಾತು ಇದು. ಮಹಾಛಂದಸ್ಸನ್ನು ಕಟ್ಟಿ, 1955ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನೂ 1967ರ ಜ್ಞಾನಪೀಠವನ್ನೂ ತಂದ ಕಾವ್ಯ ಅದು. ಹತ್ತೊಂಬತ್ತರ ವಯಸ್ಸಿನಲ್ಲಿ ಅವರಿಗೂ ತಮ್ಮ ಕೊರಳಿನಲ್ಲಿ ಒಂದು ಕೋಲು ನೇತಾಡುತ್ತಿರುವುದು ಕಂಡಿರಲಿಲ್ಲ. ಕಂಡದ್ದು ಕಸಿನ್ಸರಿಗೆ. ನಮ್ಮ ನುಡಿಯಲ್ಲಿ ಆಗುವುದಿಲ್ಲ ಎಂಬ ಮಾತನ್ನು ಒಂದು ನಾಡು ಪೂರ್ತಿಯಾಗಿ ಆಡಿ ಮುಗಿಸಿದರೆ ಏನು ಉಳಿಯುತ್ತದೆ ಎಂಬುದು ಅವರಿಗೆ ತಮ್ಮ ಬದುಕಿನಿಂದ ಗೊತ್ತಿತ್ತು. ಕನ್ನಡವನ್ನು ಅವರು ಕೊಡಲಿಲ್ಲ, ಕೊಡಲು ಅವರ ಬಳಿ ಇರಲೂ ಇಲ್ಲ. ಅವರ ಬಳಿ ಇದ್ದದ್ದು ಕಳೆದುಕೊಂಡ ಅರಿವು. ಬಾವಿ ಬತ್ತಿದ ಊರಿನಿಂದ ಬಂದವನು ನೀರು ತರಲಾರ, ಆದರೆ ತುಂಬಿದ ಬಾವಿಗೆ ಕಸ ಸುರಿಯುವವರ ಕೈ ಹಿಡಿಯಬಲ್ಲ.

ಇಲ್ಲಿ ಒಂದು ಮಾತು ಹೇಳದಿದ್ದರೆ ಕಸಿನ್ಸರ ಪಾಲನ್ನು ದೊಡ್ಡದು ಮಾಡಿದಂತಾಗುತ್ತದೆ. ಬಿ.ಎಂ. ಶ್ರೀಕಂಠಯ್ಯನವರು 1911ರಲ್ಲೇ ಧಾರವಾಡದಲ್ಲಿ ಕನ್ನಡ ತಲೆ ಎತ್ತುವ ಬಗೆಯ ಕುರಿತು ಭಾಷಣ ಮಾಡಿದ್ದರು. ಮಾಸ್ತಿಯವರ ‘ಬಿನ್ನಹ’, ಬೇಂದ್ರೆಯವರ ‘ಕೃಷ್ಣಾಕುಮಾರಿ’ ಎರಡೂ 1922ರಲ್ಲೇ ಬಂದಿದ್ದವು. ಪುಟ್ಟಪ್ಪ ಇಂದಲ್ಲ ನಾಳೆ ಕನ್ನಡಕ್ಕೆ ಬಂದೇ ಬರುತ್ತಿದ್ದರೆಂದು ನಾನು ನಂಬುತ್ತೇನೆ. ಆದರೆ ನಾಡಿನ ಗಾಳಿಯಲ್ಲಿರುವುದು ಒಬ್ಬನ ಎದೆಗೆ ತಾಕಲು ಕೆಲವೊಮ್ಮೆ ಹೊರಗಿನ ಬಾಯೇ ಬೇಕಾಗುತ್ತದೆ. ಅದೇ ಮಾತನ್ನು ಮೈಸೂರಿನ ಮೇಷ್ಟರೊಬ್ಬರು ಹೇಳಿದ್ದರೆ ಉಪದೇಶವಾಗುತ್ತಿತ್ತು. ಯಾರ ಭಾಷೆಯಲ್ಲಿ ಮೆಚ್ಚುಗೆ ಬಯಸಿ ಹೋಗಿದ್ದನೋ ಆ ಭಾಷೆಯವರೇ ಬೇಡವೆಂದಾಗ ಹುಡುಗನಿಗೆ ಓಡಲು ಬೇರೆ ದಾರಿ ಉಳಿಯಲಿಲ್ಲ. ಅದೇ 1924ರಲ್ಲಿ ಕನ್ನಡದಲ್ಲಿ ‘ಅಮಲನ ಕಥೆ’ ಬಂತು. ಮುಂದೆ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಇಂಗ್ಲಿಷಿನ ಬ್ರೌನಿಂಗ್ ಹೇಳಿದ ಜರ್ಮನ್ ಊರಿನ ಕಥೆ, ಈಗ ಶಾಲಾ ವಾರ್ಷಿಕೋತ್ಸವಗಳಲ್ಲಿ ಇಲಿಗಳ ಬಾಲ ಕಟ್ಟಿಕೊಂಡು ಕುಣಿಯುವ ನಮ್ಮ ಮಕ್ಕಳ ಸ್ವಂತ ಕಥೆ. 1928ರಲ್ಲಿ ‘ಜಲಗಾರ’ ನಾಟಕ. ಶಿವನನ್ನು ಕಸ ಗುಡಿಸುವವನಾಗಿ ಕರೆತಂದ ನಾಟಕ ಅದು.

ಆ ‘ಜಲಗಾರ’ದಲ್ಲಿ ಒಂದು ಸುಳಿವಿದೆ. ಕನ್ನಡಕ್ಕೆ ಬಂದ ಕೂಡಲೇ ಕುವೆಂಪು ಅವರ ಕಣ್ಣು ಯಾರ ಮೇಲೆ ಬಿತ್ತು? ಇಂಗ್ಲಿಷ್ ಪದ್ಯಗಳಲ್ಲಿ ಜಲಗಾರನಿಗೆ ಜಾಗ ಸಿಗುವುದು ಕಷ್ಟವಿತ್ತು, ಅವನಿಗೆ ಆ ಭಾಷೆಯಲ್ಲಿ ಮಾತೇ ಇರಲಿಲ್ಲ. ಭಾಷೆ ಬದಲಾದದ್ದು ಮೇಲಿನ ಸಂಗತಿ. ಭಾಷೆಯ ಜೊತೆ ಜನ ಬಂದರು. ಇದು ನನಗೆ ಪುಸ್ತಕದ ಮುಂದೆ ಕೂತಾಗ ಹೊಳೆದದ್ದಲ್ಲ, ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ಒಂದು ರಾತ್ರಿಯೆಲ್ಲ ನಿದ್ದೆಗೆಟ್ಟು ಕೂತಾಗ.

ಕಲಾಗ್ರಾಮ ಇರುವುದು ಜ್ಞಾನಭಾರತಿಯ ಬದಿಗೆ, ನಾಗರಬಾವಿಯಿಂದ ಕೆಂಗೇರಿ ಕಡೆ ಹೋಗುವಾಗ. ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರ ಅಲ್ಲಿದೆ. ಕುವೆಂಪು ಅವರ ಶಿಷ್ಯರಾದ ಜಿ.ಎಸ್. ಶಿವರುದ್ರಪ್ಪನವರ ದೇಹ 2013ರಲ್ಲಿ, ಅನಂತಮೂರ್ತಿಯವರದು 2014ರಲ್ಲಿ ಬೆಂಕಿಗೆ ಸೇರಿದ್ದು ಅದೇ ನೆಲದಲ್ಲಿ. 1967ರಲ್ಲಿ ಪ್ರಕಟವಾದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಕೆ.ವೈ. ನಾರಾಯಣಸ್ವಾಮಿಯವರು ರಂಗರೂಪಕ್ಕೆ ತಂದು, ಸಿ. ಬಸವಲಿಂಗಯ್ಯನವರು ನಿರ್ದೇಶಿಸಿ, ಮೊದಲು ಮೈಸೂರಿನ ರಂಗಾಯಣದಲ್ಲೂ ಆಮೇಲೆ ಇಲ್ಲಿಯೂ ಆಡಿಸಿದರು. ಒಂಬತ್ತು ಗಂಟೆಯ ನಾಟಕ. ಊಟ ಮುಗಿಸಿ ಬಂದು ಕೂತರೆ ಮುಗಿಯುವುದು ಬೆಳಗಿನ ಜಾವ. ರಂಗಸ್ಥಳ ಒಂದಲ್ಲ, ನಾಲ್ಕು. ಒಂದು ಭಾಗ ಮುಗಿದ ಕೂಡಲೇ ಚಾಪೆ, ಶಾಲು, ನೀರಿನ ಬಾಟಲಿ, ಮಲಗಿದ ಮಗು ಎಲ್ಲವನ್ನೂ ಎತ್ತಿಕೊಂಡು ಜನ ಇನ್ನೊಂದು ರಂಗದ ಕಡೆ ಹೊರಡುತ್ತಾರೆ. ಮರಗಳ ನಡುವೆ, ಮಂದ ಬೆಳಕಿನಲ್ಲಿ, ಜಾತ್ರೆಯಿಂದ ಜಾತ್ರೆಗೆ ಹೋದ ಹಾಗೆ. ನನ್ನ ಮುಂದೆ ನಾಲ್ಕು ಜನ ಹುಡುಗರು ಕೂತಿದ್ದರು. ತಮ್ಮ ತಮ್ಮಲ್ಲಿ ಮಾತೆಲ್ಲ ಇಂಗ್ಲಿಷ್. ಮೊದಲ ಭಾಗದಲ್ಲಿ ಮಲೆನಾಡಿನ ಮಾತಿನ ರಭಸ ಅವರಿಗೆ ಹಿಡಿಯಲಿಲ್ಲ, ಒಬ್ಬರನ್ನೊಬ್ಬರು ಅರ್ಥ ಕೇಳುತ್ತಿದ್ದರು. ನಡುರಾತ್ರಿ ದಾಟುವಷ್ಟರಲ್ಲಿ ಕಥೆಯ ನಾಯಿಗುತ್ತಿ ಬಾಯಿ ತೆರೆದರೆ ನನಗಿಂತ ಮುಂಚೆ ಅವರು ನಗುತ್ತಿದ್ದರು. ಕೊನೆಯ ಭಾಗದಲ್ಲಿ, ತುಂಬಿ ಹರಿಯುವ ತುಂಗೆಯಲ್ಲಿ ಗುತ್ತಿಯ ನಾಯಿ ಹುಲಿಯ ಅವನಿಂದ ತಪ್ಪಿಹೋಗುವಾಗ ಒಬ್ಬ ಮುಖಕ್ಕೆ ಶಾಲು ಹಿಡಿದುಕೊಂಡ.

ಗುತ್ತಿ, ತಿಮ್ಮಿ, ಐತ, ಪೀಂಚಲು, ಕೊನೆಗೆ ಆ ನಾಯಿ. ಇವರು ಯಾರೂ ‘ಬಿಗಿನರ್ಸ್ ಮ್ಯೂಸ್’ನ ದಾರಿಯಲ್ಲಿ ಸಿಗುವವರಲ್ಲ. ಇಂಗ್ಲಿಷಿನಲ್ಲಿ ಮುಂದುವರಿದಿದ್ದರೆ ಕುವೆಂಪು ಒಳ್ಳೆಯ ಕವಿಯಾಗಿರುತ್ತಿದ್ದರೋ ಏನೋ, ಗುತ್ತಿ ಮಾತ್ರ ಇರುತ್ತಿರಲಿಲ್ಲ. ಗುತ್ತಿಗೆ ಇದ್ದದ್ದು ಒಂದೇ ನುಡಿ. ತಾಯ್ನುಡಿ ಬರೆಯುವವನ ಸ್ವತ್ತು, ಅವನ ಅಭಿಮಾನ ಎಂದು ನಾವು ತಿಳಿದಿದ್ದೇವೆ. ಬೇರೆ ನುಡಿಯಿಲ್ಲದವರ ಕಡೆಗೆ ಬರೆಯುವವನಿಗಿರುವ ಹೊಣೆ ಅದು ಎಂದು ಆ ರಾತ್ರಿ ನನಗೆ ಅನ್ನಿಸಿತು. ‘ದಿ ರೇಸಿಂಗ್ ಲಗ್’ನಲ್ಲಿ ಮೀನುಗಾರರನ್ನು ರಂಗಕ್ಕೆ ತರಲು ಹೊರಟ ತರುಣ ಕಸಿನ್ಸ್‌ಗೂ ಇದು ಮಸುಕಾಗಿ ತಿಳಿದಿರಬೇಕು. ಅವರಿಗೆ ಪೂರ್ತಿ ಕೈಗೂಡದ್ದು ಸಿಂಗ್ ಅವರಿಗೆ ಅರಾನ್‌ನಲ್ಲಿ ಕೈಗೂಡಿತು, ಕಸಿನ್ಸ್ ಕಣ್ಣು ತೆರೆಸಿದ ಹುಡುಗನಿಗೆ ಮಲೆನಾಡಿನಲ್ಲಿ ಕೈಗೂಡಿತು.

ನಮ್ಮ ಬಡಾವಣೆಗಳಿಗೆ ಬರೋಣ. ಅಂಗಡಿ ಬೋರ್ಡಿನಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕೆಂಬ ಕಾನೂನು 2024ರಲ್ಲಿ ಬಂತು. ವಿಜಯನಗರದಲ್ಲಿ ಎಷ್ಟೋ ಬೋರ್ಡುಗಳು ಬದಲಾದವು, ಅದನ್ನು ಕಂಡು ನನಗೆ ಸಂತೋಷವಾಗಿದೆ. ಅತ್ತ 2014ರಲ್ಲೇ, ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿದೆ. ಐರ್ಲೆಂಡಿನಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಬೋರ್ಡುಗಳೂ ಬದಲಾದವು, ಶಾಲೆಯಲ್ಲಿ ಐರಿಷ್ ಕಡ್ಡಾಯವೂ ಆಯಿತು. 2022ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ತಮಗೆ ಐರಿಷ್ ಬರುತ್ತದೆ ಎಂದರು. ಶಾಲೆಯ ಹೊರಗೆ ದಿನವೂ ಆಡುವವರು ಸುಮಾರು 72 ಸಾವಿರ. ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು 2011ರಲ್ಲೇ 4 ಕೋಟಿ 37 ಲಕ್ಷ. ಈ ಸಂಖ್ಯೆಯನ್ನು ನಾವು ಧೈರ್ಯಕ್ಕಾಗಿ ಹೇಳಿಕೊಳ್ಳುತ್ತೇವೆ. ಆದರೆ ಕ್ಷಾಮಕ್ಕೆ ಮುಂಚಿನ ಐರ್ಲೆಂಡಿನಲ್ಲೂ ಲಕ್ಷ ಲಕ್ಷ ಬಾಯಿಗಳಿದ್ದವು.

ಇನ್ನೊಂದು ತೊಡಕಿದೆ. ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ನಿನ್ನ ನುಡಿ ಯಾವುದು ಎಂದು ಕೇಳಿದರೆ ಅರ್ಧ ಮನೆಗಳಲ್ಲಿ ಉತ್ತರ ತಡವರಿಸುತ್ತದೆ. ಅಡುಗೆಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಕಸಿನ್ಸ್ ಕೇಳಿದ ಪ್ರಶ್ನೆಯನ್ನು ಅದೇ ರೂಪದಲ್ಲಿ ಇಂದಿನ ಮಗುವಿಗೆ ಕೇಳಲಾಗದು. ಯಾರ ಮಾತನ್ನು ನೀನು ಕೇಳಿಸಿಕೊಂಡಿದ್ದೀಯ ಎಂದು ಕೇಳಬಹುದು.

ನಮ್ಮ ಪಕ್ಕದ ಮನೆಯ ಹುಡುಗಿ ಪಿಯುಸಿ ಓದುತ್ತಾಳೆ. ತಾಯಿಯ ಮನೆಮಾತು ತೆಲುಗು, ತಂದೆಯದು ಮಾಗಡಿ ಸೀಮೆಯ ಕನ್ನಡ. ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಾಳೆ, ಚೆನ್ನಾಗಿ ಬರೆಯುತ್ತಾಳೆ. ಕೆಂಗೇರಿಯಲ್ಲಿ ಚಿಕ್ಕಪ್ಪನ ಮನೆಯಲ್ಲಿರುವ ಅಜ್ಜಿಯನ್ನು ಮೊದಲ ಸಲ ಮೆಟ್ರೊದಲ್ಲಿ ವಿಜಯನಗರಕ್ಕೆ ಕರೆತಂದದ್ದರ ಬಗ್ಗೆ ಒಂದು ಪದ್ಯ ಬರೆದು ತಂದು ತೋರಿಸಿದಳು. ಅಜ್ಜಿ ಎಸ್ಕಲೇಟರ್ ಮುಂದೆ ನಿಲ್ಲುತ್ತಾರೆ, ಸೆರಗು ಬಿಗಿ ಮಾಡಿಕೊಳ್ಳುತ್ತಾರೆ, ಮೊಮ್ಮಗಳ ಕೈ ಹಿಡಿಯುತ್ತಾರೆ. ಪದ್ಯದ ಉದ್ದಕ್ಕೂ ಅಜ್ಜಿ ಮೌನ. ಗಂಭೀರವಾದ, ಸುಂದರವಾದ ಮೌನ.

“ಅಜ್ಜಿ ನಿಜವಾಗ್ಲೂ ಏನೂ ಮಾತಾಡ್ಲಿಲ್ವೇನಮ್ಮ?” ಎಂದೆ.

ಅವಳು ಜೋರಾಗಿ ನಕ್ಕಳು. “ಅಯ್ಯೋ ಅಂಕಲ್, ಸ್ಟೇಶನ್ ಪೂರ್ತಿ ಕೇಳೋ ಹಾಗ್ ಮಾತಾಡಿದ್ರು. ‘ಈ ಮೆಟ್ಲು ನನ್ನ ಒಂದ್ ಮಾತೂ ಕೇಳ್ದಂಗೆ ಎತ್ಕೊಂಡ್ ಹೋಯ್ತಲ್ಲ ಕಣವ್ವ’ ಅಂದ್ರು.”

“ಅದ್ಯಾಕೆ ಪದ್ಯದಲ್ಲಿಲ್ಲ?”

“ಇಂಗ್ಲಿಷಲ್ಲಿ ಹಾಕ್ ನೋಡ್ದೆ. ಅಜ್ಜಿ ಥರ ಕೇಳಿಸ್ಲಿಲ್ಲ.” ಸ್ವಲ್ಪ ಹೊತ್ತು ಫೋನಿನ ಪರದೆ ನೋಡುತ್ತ ನಿಂತಳು. ಕನ್ನಡದಲ್ಲಿ ಬರೆ ಎಂದು ನಾನು ಹೇಳಲಿಲ್ಲ. ಅದನ್ನು ಹೇಳಲು ನಾನು ಕಸಿನ್ಸರಷ್ಟು ಕಳೆದುಕೊಂಡವನಲ್ಲ. ಆಮೇಲೆ ಅಜ್ಜಿ ಇನ್ನೇನೇನು ಹೇಳಿದರು ಎಂದಷ್ಟೇ ಕೇಳಿದೆ. ರೈಲಿನೊಳಗೆ, ಲಿಫ್ಟಿನಲ್ಲಿ, ಮನೆ ಬಾಗಿಲಲ್ಲಿ ಅವರು ಆಡಿದ್ದನ್ನೆಲ್ಲ ಅವಳು ಅಜ್ಜಿಯ ದನಿಯಲ್ಲೇ ಆಡಿ ತೋರಿಸುತ್ತ ಹೋದಳು. ಎದುರಿಗೆ ತಾನು ಏನಂದೆ, ಟಿಕೆಟ್ ಕೌಂಟರಿನವರು ಏನಂದರು, ಪಕ್ಕದಲ್ಲಿ ಕೂತ ಹಿಂದಿಯ ಹೆಂಗಸು ಅಜ್ಜಿಯೊಡನೆ ಹೇಗೆ ಮಾತಿಗಿಳಿದಳು, ಒಬ್ಬರ ಮಾತು ಒಬ್ಬರಿಗೆ ತಿಳಿಯದೆಯೂ ಇಬ್ಬರೂ ಇಳಿಯುವವರೆಗೆ ಹೇಗೆ ಮಾತಾಡಿದರು, ಎಲ್ಲವನ್ನೂ. ನಡುವೆ ತಟ್ಟನೆ ನಿಲ್ಲಿಸಿ ಹೇಳಿದಳು:

“ಇದನ್ನೆಲ್ಲ ಬರ್ಕೊಂಡ್ರೆ ಪದ್ಯ ಆಗಲ್ಲ ಅಂಕಲ್, ನಾಟ್ಕ ಆಗುತ್ತೆ.”